ಮಣ್ಣು ಕಳೆದ ತೂಕ

ಬಳೆ ಬಿಚ್ಚಿ ಚೀಲದಲ್ಲಿಟ್ಟೆ. ಉಂಗುರ, ವಾಚು.
ಬೋಳುಗೈಯಲ್ಲಿ ಹೊರಟರೆ ಅವ್ವನಿಗೆ ಆಗುವುದಿಲ್ಲ;
ಹಾಗಾಗಿ ಮನೆಯಲ್ಲಿ ತೊಟ್ಟು, ಆಸ್ಪತ್ರೆಯ ನಲ್ಲಿಯೆದುರು ಬಿಚ್ಚುತ್ತೇನೆ.
ಮೊಣಕೈವರೆಗೆ ಸೋಪು. ಉಗುರಿನ ಸಂದಿ. ಹೆಬ್ಬೆರಳ ಬುಡ.
ಶೆಟ್ಟಿಹಳ್ಳಿಯ ಜಸಿಂತಾ ಸಿಸ್ಟರ್ ಹಿಂದೆ ನಿಂತು
ಜಪಮಣಿ ಎಣಿಸುವ ಹಾಗೆ ಎಣಿಸುತ್ತಾರೆ.
"ಇನ್ನೊಂದ್ಸಲ."

ಒಳಗೆ ಹಾಸನದ ಚಳಿ ಬರುವುದಿಲ್ಲ.
ಹದಿನಾಲ್ಕು ವಾರ್ಮರು. ನೀಲಿ ಬೆಳಕಿನಡಿ
ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಕಾಮಾಲೆಯ ಕೂಸುಗಳು.
ಯಾರಿಗೂ ಇನ್ನೂ ಹೆಸರಿಲ್ಲ.
ಆರನೆಯದು, ಕೌಸರಳ ಮಗು: ಬೋರ್ಡಿನ ಮೇಲೆ ಅಷ್ಟೇ.
ಇಪ್ಪತ್ತೆಂಟು ವಾರ. ಒಂಬೈನೂರ ಹತ್ತು ಗ್ರಾಂ.

ಕಾಲೇಜಿನಲ್ಲಿ ಕಲಿತದ್ದು ರಬ್ಬರು ಗೊಂಬೆಯ ಮೇಲೆ.
ಗೊಂಬೆ ಮೂರು ಕೇಜಿ ಇತ್ತು.
ಗೊಂಬೆಗೆ ಚರ್ಮದ ಹಿಂದೆ ಕರುಳು ಕಾಣುತ್ತಿರಲಿಲ್ಲ.

ನನ್ನಪ್ಪ ಎಪಿಎಂಸಿಯಲ್ಲಿ ತೂಕದವನು.
ಮೂವತ್ತು ವರ್ಷ, ಆಲೂಗಡ್ಡೆ ಮೂಟೆ, ಐವತ್ತೈವತ್ತು ಕೇಜಿ.
ಮಣ್ಣಿಗೆಂದು ಮೂಟೆಗೆ ಇಷ್ಟು ಕಳೆಯುತ್ತಾರೆ;
ಎಷ್ಟು ಕಳೆಯಬೇಕು ಎನ್ನುವುದಕ್ಕೇ ದಿನಾ ಜಗಳ.
ನಾನೂ ಕಳೆಯುತ್ತೇನೆ: ಬಟ್ಟೆ, ಟೋಪಿ,
ಕೈಗೆ ಬಿಗಿದ ಪಟ್ಟಿ, ಮೂಗಿನ ನಳಿಗೆ.
ಎಲ್ಲ ಕಳೆದು ಉಳಿದದ್ದು ಮಗು.

ಎರಡನೇ ವಾರ ಮೊದಲ ಸೂಜಿ, ಒಂಬತ್ತನೆಯದಕ್ಕೆ.
ಅಂಗೈಯಡಿ ಟಾರ್ಚು ಹಿಡಿದರೆ
ಕೈಯೇ ಒಂದು ಕೆಂಪು ಚಿಗುರೆಲೆ, ನರ ಅದರ ಎಳೆ.
ಸಿಕ್ಕಿತು ಅನ್ನಿಸಿತು. ಊದಿಕೊಂಡಿತು.
ಇನ್ನೊಮ್ಮೆ. ಮತ್ತೆ ಊದಿತು.
ಮೂರನೆಯ ಸಲ ಕೂಸು ಬಾಯಗಲಿಸಿ ಅತ್ತಿತು.
ಗಂಟಲಲ್ಲಿ ನಳಿಗೆ ಇದ್ದವರ ಅಳು
ಕೇಳಿಸುವುದಿಲ್ಲ, ಕಾಣಿಸುತ್ತದೆ.

ಲಿನನ್ ರೂಮಿನಲ್ಲಿ, ಒಗೆದ ಬಟ್ಟೆಯ ಗಂಟಿನ ಮೇಲೆ ಕೂತಿದ್ದೆ.
ಸಿಸ್ಟರ್ ಬಂದರು.
"ಅಳೋದಿದ್ರೆ ಅತ್ಬಿಡು. ಆಮೇಲೆ ಕೈ ತೊಳ್ಕೊಂಡು ಬಾ."

ಕೌಸರ್ ಬರುತ್ತಾಳೆ, ಎರಡು ಗಂಟೆಗೊಮ್ಮೆ,
ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ಸ್ಟೀಲಿನ ಒಳಲೆ.
ತಳ ಮುಚ್ಚಿದರೆ ಮುಚ್ಚೀತು, ಅಷ್ಟು ಹಾಲು.
"ಇಷ್ಟೇ ಬಂತು ಸಿಸ್ಟರ್."
ಸಿರಿಂಜಿಗೆ ಎಳೆದು ತೋರಿಸಿದೆ:
ನಿನ್ನ ಮಗುವಿನ ಊಟ ಎರಡು ಎಂಎಲ್, ಇಲ್ಲಿ ಮೂರಿದೆ.
ಉಳಿಯಿತು, ನೋಡು.
ಮನೆ ತುಂಬ ನೆಂಟರಿಗೆ ಬಡಿಸಿಯೂ
ಪಾತ್ರೆಯಲ್ಲಿ ಅನ್ನ ಮಿಕ್ಕವಳ ಮುಖ ಆಗ ಅವಳದು.

ರಾತ್ರಿ ಮೂರಕ್ಕೆ ಆರನೆಯದು ಉಸಿರಾಡುವುದನ್ನು ಮರೆಯಿತು.
ಹೀಗೂ ಮರೆಯುತ್ತಾರೆ; ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ.
ಎಂಬತ್ತೆಂಟು. ಎಪ್ಪತ್ತೊಂದು. ತುಟಿ ನೇರಳೆ.
ಯಂತ್ರ ಕೂಗುತ್ತಿತ್ತು. ನನ್ನ ಕೈ ನನಗಿಂತ ಮೊದಲು ಹೋಗಿ
ಅಂಗಾಲು ತಟ್ಟಿತು, ಒಮ್ಮೆ, ಮತ್ತೊಮ್ಮೆ,
ತಮ್ಮನನ್ನು ಶಾಲೆಗೆ ಎಬ್ಬಿಸುತ್ತಿದ್ದ ಹಾಗೆ.
ಏಳೋ. ಹೊತ್ತಾಯ್ತು ಏಳೋ.

ಪಕ್ಕೆ ಒಮ್ಮೆ ಒಳಸರಿದು ಮೇಲೆ ಬಂತು.
ತಿರುಗಿ ನೋಡಿದರೆ ಒಂಬತ್ತರ ಸುತ್ತ ನಾಲ್ಕು ಜನ.

ಬೆಳಗಿನ ವರದಿಯಲ್ಲಿ ಒಂಬತ್ತು ಖಾಲಿ.
ವಾರ್ಮರು ಒರೆಸಿದೆ. ಹೊಸ ಬಟ್ಟೆ ಹಾಸಿದೆ.
ಆ ಕೈಯ ಮೇಲೆ ನನ್ನ ಮೂರು ಚುಕ್ಕೆ ಇದ್ದವು.
ಇದನ್ನು ಯಾರಿಗೂ ಹೇಳಿಲ್ಲ.

ಎನ್.ಆರ್. ಸರ್ಕಲ್ಲಿನಲ್ಲಿ ಲಾರಿಯೊಂದು
ಹಿಂದಕ್ಕೆ ಸರಿಯುತ್ತ ಬೀಪ್ ಬೀಪ್ ಎಂದಿತು;
ಬಸ್ಸಿಗೆ ಕಾಯುತ್ತಿದ್ದವಳ ಕೈ ಗಾಳಿಯಲ್ಲಿ ಅಂಗಾಲು ಹುಡುಕಿತು.
ಪಕ್ಕದ ಹೆಂಗಸು ಸರಿದು ನಿಂತಳು.

ಅಪ್ಪ ಮಂಡಿಗೆ ಹೊರಟಿದ್ದ. "ಎಷ್ಟಾಯ್ತೇ ನಿನ್ನ ಆರು?"
ಒಂಬೈನೂರ ಮೂವತ್ತು. ಇಪ್ಪತ್ತು ಗ್ರಾಂ ಏರಿದೆ.
"ಇಪ್ಪತ್ತು ಗ್ರಾಮಾ? ಒಂದು ಗೆಡ್ಡೆಗೆ ಅಂಟಿದ ಮಣ್ಣಾಗಲ್ವಲ್ಲೇ!"
ನಕ್ಕ. ಚಪ್ಪಲಿ ಮೆಟ್ಟಿದವನು ಹೊಸ್ತಿಲಲ್ಲಿ ನಿಂತ.
"ಮಣ್ಣು ಕಳೆದಿದ್ದೀಯಾ ತಾನೆ?"

ಕಳೆದಿದ್ದೀನಿ ಅಪ್ಪ.

ಬಳೆ ಇನ್ನೂ ಚೀಲದಲ್ಲೇ ಇದ್ದವು.
ಅವ್ವ ನೋಡಿದಳು. ಏನೂ ಅನ್ನಲಿಲ್ಲ.